ಬೀಸುಕಲ್ಲಿನ ಲೆಕ್ಕ

ಶಿರೋಳದ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಕೂತು ಅವಳ ಮಗ ‘ಹಲಗಲಿ ಬೇಡರು’ ಬಾಯಿಪಾಠ ಮಾಡುತ್ತಿದ್ದ. ಹತ್ತನೆಯ ತರಗತಿಯ ಹುಡುಗ. ಹೊಡೆದಾಟದ ನುಡಿಗಳು ಬಂದಾಗ ದನಿ ಏರುತ್ತಿತ್ತು, ಕೊನೆಗೆ ಊರು ಸೂರೆಯಾಗುವಲ್ಲಿ ಬಂದ ಕೂಡಲೇ ದನಿ ಇಳಿದು ಗೊಣಗುಟ್ಟುವಿಕೆಯಾಗುತ್ತಿತ್ತು. ಮೂರು ಸಲ ಹಾಗೇ ಆಯಿತು. ಯಾಕೋ ಅಲ್ಲಿ ಓಡಿಸ್ತೀಯಲ್ಲ ಅಂದೆ. “ಅದರಾಗ ಏನೈತಿ ಅಕ್ಕಾ, ಬರೇ ಕಿರಾಣಿ ಚೀಟಿ” ಅಂದ.

ನಾನು ನಕ್ಕೆ. ಆಮೇಲೆ ನಗು ನಿಂತಿತು. ಯಾಕೆಂದರೆ ಲಾವಣಿಗಳಲ್ಲಿ ವಸಾಹತು ವಿರೋಧದ ಕುರಿತ ನನ್ನ ಪಿಎಚ್.ಡಿ. ಮಹಾಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಇದೇ ಲಾವಣಿಯ ದೀರ್ಘ ಉಲ್ಲೇಖವಿದೆ. ಹುಡುಗ ಗೊಣಗಿ ದಾಟಿಸಿದ ಜಾಗದಲ್ಲಿ ನಾನು ಮೂರು ಚುಕ್ಕಿ ಇಟ್ಟು ದಾಟಿದ್ದೆ. ಅವನದು ಪರೀಕ್ಷೆಯ ಅವಸರ, ನನ್ನದು ವಾದದ ಅವಸರ. ನನಗೆ ಬೇಕಾದದ್ದು ಪ್ರತಿರೋಧ. ಉಪ್ಪು, ಎಣ್ಣೆ, ಜೀರಿಗೆ ನನ್ನ ವಾದಕ್ಕೆ ಬೇಕಿರಲಿಲ್ಲ.

ಈ ಬರಹ ಆ ಮೂರು ಚುಕ್ಕಿಗಳ ಬಗ್ಗೆ. ನಡುವೆ ಒಂದು ಹಾಳು ಕೋಟೆ ಮತ್ತು ಒಂದು ಮ್ಯೂಸಿಯಂ ಬರುತ್ತವೆ. ಅವೆರಡನ್ನೂ ನೋಡದೆ ಹೋಗಿದ್ದರೆ ಚುಕ್ಕಿಗಳು ಹಾಗೇ ಉಳಿದಿರುತ್ತಿದ್ದವು.

ಮರುದಿನ ಹುಡುಗನನ್ನು ಕರೆದುಕೊಂಡು ನರಗುಂದಕ್ಕೆ ಹೋದೆ. ಶಿರೋಳದವರಿಗೆ ನರಗುಂದವೆಂದರೆ ಪೇಟೆ, ತಾಲ್ಲೂಕು ಕಚೇರಿ, ಶೇಂಗಾ ಮತ್ತು ಈರುಳ್ಳಿಯ ದರ. ಬೆಟ್ಟ ಅಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು, ಹತ್ತುವವರು ಕಡಿಮೆ. ಸುತ್ತ ಕರಿ ಎರೆಯ ಬಯಲು, ನಡುವೆ ಎದ್ದು ನಿಂತ ಬೆಟ್ಟ, ಬುಡದಲ್ಲಿ ವೆಂಕಟೇಶನ ಗುಡಿ, ತಲೆಯ ಮೇಲೆ ಕೋಟೆಯ ಅಳಿದುಳಿದ ಗೋಡೆ. ಶಿವಾಜಿ 1674ರಲ್ಲಿ ಕಟ್ಟಿಸಿದನೆಂದು ಗೆಜೆಟಿಯರ್ ಹೇಳುತ್ತದೆ. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಆದರೆ ಊರಿನ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಕೊನೆಯ ಮುತ್ತಿಗೆ, 1858ರದ್ದು.

ಕಥೆ ಗೊತ್ತಿರುವಂಥದ್ದೇ. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು, ಅವನ ತಲೆ ನರಗುಂದದ ಅಗಸಿಯ ಮೇಲೇರಿತು. ಜೂನ್ ಮೊದಲ ವಾರದೊಳಗೆ ಕೋಟೆ ಬಿತ್ತು, ಬಾಬಾಸಾಹೇಬ ಸಿಕ್ಕಿಬಿದ್ದ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ಮನೆಯ ಹೆಂಗಸರು ಮಲಪ್ರಭೆಗೆ ಬಿದ್ದರು. ಎಲ್ಲ ಸೇರಿ ಎರಡು ವಾರ.

ಮೇಲೆ ಹತ್ತಿ ನೋಡಿದರೆ ಈ ಎರಡು ವಾರದ ಯಾವ ಗುರುತೂ ಇಲ್ಲ. ಒಡೆದ ಗೋಡೆ, ನೀರಿನ ಹೊಂಡ, ಹುಲ್ಲು, ಯಾರೋ ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮದ ಹೆಸರುಗಳು. ನನ್ನನ್ನು ಅಲ್ಲಿ ಹೆಚ್ಚು ಕಾಡಿದ್ದು ಮ್ಯಾನ್ಸನ್‌ನ ತಲೆಯಲ್ಲ, ಪುಸ್ತಕಗಳು. ಬಾಬಾಸಾಹೇಬನಿಗೆ ದೊಡ್ಡ ಸಂಸ್ಕೃತ ಗ್ರಂಥಭಂಡಾರವಿತ್ತೆಂದು ಅವನ ವಿರುದ್ಧ ನಿಂತ ಬ್ರಿಟಿಷರ ಬರಹಗಳಲ್ಲೇ ಇದೆ. ಕೋಟೆ ಬಿದ್ದ ಕಥೆಯನ್ನು ದಿನದ ಲೆಕ್ಕದಲ್ಲಿ ಹೇಳುವ ನಾವು ಆ ಪುಸ್ತಕಗಳ ಕಥೆಯನ್ನು ಹೇಳುವುದೇ ಇಲ್ಲ. ನೇಣಿಗೇರಿದ ರಾಜನಿಗೆ ನಾಟಕವಿದೆ, ಹಾಡಿದೆ, ಚೌಕದಲ್ಲಿ ಹೆಸರಿದೆ. ಪುಸ್ತಕಗಳು ಮೂರು ಚುಕ್ಕಿಗೆ ಸೇರಿದವು.

“ಇಲ್ಲಿ ಮ್ಯೂಸಿಯಂ ಯಾಕ ಇಲ್ಲ?” ಹುಡುಗ ಕೇಳಿದ. ಇಡೋದಕ್ಕೆ ಏನಿದೆ ಎಂದು ನಾನು ಅಂದೆ. ಈ ಉತ್ತರ ತಪ್ಪು ಎಂದು ಈಗ ನನಗನಿಸುತ್ತದೆ, ಆದರೆ ಆ ಹೊತ್ತಿಗೆ ಅದೇ ಹೊಳೆದದ್ದು.

ಆ ಪ್ರಶ್ನೆಯನ್ನು ಇಟ್ಟುಕೊಂಡೇ, ಧಾರವಾಡಕ್ಕೆ ಮರಳಿದ ಮೇಲೆ ಒಂದು ಭಾನುವಾರ ಕಿತ್ತೂರಿಗೆ ಹೋದೆ. ನರಗುಂದಕ್ಕೆ ಇಲ್ಲದ್ದು ಕಿತ್ತೂರಿಗಿದೆ: ಹಾಳು ಅರಮನೆಯ ಮಗ್ಗುಲಲ್ಲೇ ರಾಣಿ ಚನ್ನಮ್ಮನ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯ. ಅಕ್ಟೋಬರಿನಲ್ಲಿ ಉತ್ಸವದ ಪೆಂಡಾಲು ಬಿದ್ದಾಗ ನೋಡಿದ್ದೆ. ಜನವಿಲ್ಲದ ದಿನ ನೋಡಿದ್ದು ಇದೇ ಮೊದಲು.

ಒಳಗೆ ಕತ್ತಿಗಳಿವೆ. ಕೆತ್ತನೆಯ ಮರದ ಬಾಗಿಲು, ಕಿಟಕಿಗಳಿವೆ. ಸುತ್ತಮುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ವೀರಗಲ್ಲುಗಳಿವೆ. ಕತ್ತಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ, ವೀರಗಲ್ಲಿನ ಮುಂದೆ ಕೆಲವರು, ಬಾಗಿಲಿನ ಮುಂದೆ ಬಹುಮಟ್ಟಿಗೆ ಯಾರೂ ಇಲ್ಲ. ಇದರಲ್ಲಿ ನೋಡುವವರ ತಪ್ಪೇನಿಲ್ಲ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಗುಂಡಿಗೆ ಬಿದ್ದದ್ದು, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಗೆದ್ದದ್ದು, ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು. ಈ ಕಥೆಯನ್ನು ತಲೆಯಲ್ಲಿ ಹೊತ್ತು ಬಂದವರಿಗೆ ಕತ್ತಿಯೇ ಕಾಣಬೇಕು. ಬಿ. ಆರ್. ಪಂತುಲು 1961ರಲ್ಲಿ ಬಿ. ಸರೋಜಾದೇವಿಯವರನ್ನು ಕುದುರೆ ಹತ್ತಿಸಿದ ಮೇಲಂತೂ ಬೇರೆ ದಾರಿಯೇ ಇರಲಿಲ್ಲ.

ಹೊರಗೆ ಬಂದರೆ ಬೇರೆಯೇ ಲೋಕ. ಅರಮನೆಯ ಅವಶೇಷಗಳಲ್ಲಿ ಗೋಡೆಗಳಿಗಿಂತ ಹೆಚ್ಚಾಗಿ ಉಳಿದಿರುವುದು ನೀರಿನ ವ್ಯವಸ್ಥೆ: ಬಾವಿ, ಕೊಳವೆ, ಬಚ್ಚಲಿನ ತೊಟ್ಟಿ, ಅಡುಗೆಮನೆಯ ನೆಲೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಕೂರಿಸಿದ ಕೊಳವೆಗೆ ಬಂದವರೆಲ್ಲ ಹಗಲಲ್ಲೇ ಕಣ್ಣಿಟ್ಟು ನೋಡುತ್ತಾರೆ, ನಾನೂ ಇಟ್ಟೆ. ಹೀಗೆ ಕಿತ್ತೂರು ಎರಡು ಭಾಗವಾಗಿದೆ. ಯುದ್ಧ ಒಳಗಿದೆ, ಚೀಟಿಯೊಂದಿಗೆ. ಸಂಸಾರ ಹೊರಗಿದೆ, ಮಳೆಯಲ್ಲಿ. ಅಡುಗೆಮನೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ, ನಿಜ. ಆದರೂ ರಾಜ್ಯವೊಂದು ಹೋಯಿತು ಅಂದಾಗ ಹೋದದ್ದು ಏನು ಎಂಬ ಪ್ರಶ್ನೆಗೆ ಕತ್ತಿ ಕೊಡುವ ಉತ್ತರ ತೀರಾ ಚಿಕ್ಕದು. ಅವರು ಕೈಯಲ್ಲಿ ಏನು ಹಿಡಿದಿದ್ದರು ಎಂದು ಅದು ಹೇಳೀತು. ಮರುದಿನ ಮನೆಯಲ್ಲಿ ಏನಿರಲಿಲ್ಲ ಎಂದು ಹೇಳುವುದಿಲ್ಲ.

ಅದನ್ನು ಹೇಳಿದ್ದು ಲಾವಣಿ. ಹಲಗಲಿಯ ಲಾವಣಿ.

1857ರಲ್ಲಿ ಹತಾರಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಉಳಿದವರಲ್ಲಿ ಹಲವರಿಗೆ ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಾಯಿತು. ಕಟ್ಟಿದ ಕವಿ ಕುರ್ತಕೋಟಿಯ ಕಲ್ಮೇಶನ ಅಂಕಿತ ಇಟ್ಟವನು, ನಮ್ಮದೇ ಗದಗ ಸೀಮೆಯವನು. ಲಾವಣಿಯ ಬಗ್ಗೆ ಬರೆದವರೆಲ್ಲ, ನಾನೂ ಸೇರಿ, ನಾಲ್ವರು ನಾಯಕರನ್ನು, ಸಂಧಾನಕ್ಕೆ ಬಂದವರಿಗೆ ಸಿಕ್ಕ ಉತ್ತರವನ್ನು, ಹೋರಾಟದ ವೇಗವನ್ನು ಓದಿದ್ದೇವೆ. ಕೊನೆಯ ಸಾಮಾನಿನ ಪಟ್ಟಿಯನ್ನು ಲಾವಣಿ ಪ್ರಕಾರದ ರೂಢಿ ಎಂದು ಬಿಟ್ಟಿದ್ದೇವೆ. ಪಟ್ಟಿ ಹೇಳುವುದು ಹಾಡುಗಾರನ ಹಳೆಯ ಚಾಳಿ ತಾನೆ? ಒಡವೆ, ಕುದುರೆ, ಊಟದ ಬಗೆ, ಏನು ಸಿಕ್ಕರೂ ಪೋಣಿಸುತ್ತಾನೆ.

ಆದರೆ ಈ ಪಟ್ಟಿಗೆ ಒಂದು ನಡೆ ಇದೆ. ಅದು ಕಬ್ಬಿಣದಿಂದ ಶುರುವಾಗುತ್ತದೆ: ಕೊಡಲಿ, ಕುಡ. ಅಂದರೆ ಕಟ್ಟಿಗೆ ಕಡಿಯುವ, ನೆಲ ಉಳುವ ಕಬ್ಬಿಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಲಾವಣಿಯ ಮೊದಲಲ್ಲಿ ಸರ್ಕಾರ ಕೇಳಿದ್ದು ಹತಾರವನ್ನು. ಕೊನೆಯಲ್ಲಿ ಹೊತ್ತೊಯ್ದದ್ದು ಒಕ್ಕಲುತನದ ಕಬ್ಬಿಣವನ್ನು. ಉತ್ತರ ಕರ್ನಾಟಕದ ಮಾತಿನಲ್ಲಿ ಹತಾರ ಎಂದರೆ ಆಯುಧವೂ ಹೌದು, ಬಡಿಗನ, ಕಂಬಾರನ ಸಲಕರಣೆಯೂ ಹೌದು. ಕಾನೂನಿಗೆ ಆ ಪದದ ಒಂದೇ ಅರ್ಥ ಗೊತ್ತಿತ್ತು. ಕವಿ ಎಲ್ಲಿಯೂ ಇದನ್ನು ಬಿಡಿಸಿ ಹೇಳುವುದಿಲ್ಲ, ಪಟ್ಟಿಯ ತಲೆಗೆ ಕೊಡಲಿಯನ್ನಿಟ್ಟು ಸುಮ್ಮನಾಗುತ್ತಾನೆ. ಹತಾರ ಕಾನೂನಿನ ಬಗ್ಗೆ ನಾನು ಓದಿದ ಟೀಕೆಗಳಲ್ಲಿ ಇದಕ್ಕಿಂತ ಚುರುಕಾದುದು ಇಲ್ಲ.

ಆಮೇಲೆ ಪಟ್ಟಿ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಹಾಲು ಹೈನು, ಅಡುಗೆಮನೆಯ ಉಪ್ಪು ಎಣ್ಣೆ ಬೆಲ್ಲ, ಉಣ್ಣುವ ಗಂಗಾಳ, ನೀರಿನ ಚರಗಿ. ಅಲ್ಲಿಂದ ಹೆಂಗಸಿನ ಕೊರಳಿಗೆ ಕೈ ಹೋಗುತ್ತದೆ, ಮಂಗಳಸೂತ್ರ. ಹೊಲ, ಹಿತ್ತಲು, ಒಲೆ, ಮೈ. ಸಿಪಾಯಿ ನಡೆದ ದಾರಿಯೇ ಪಟ್ಟಿಯ ದಾರಿ. ಕೊರಳು ಮುಟ್ಟಿದ ಮೇಲೆ ಮುಗಿಯಬೇಕಿತ್ತು, ಬೇರೆ ಯಾವ ಕವಿಯಾದರೂ ಅಲ್ಲೇ ಮುಗಿಸಿ ಕಣ್ಣೀರು ತರಿಸುತ್ತಿದ್ದ. ಈತ ಇನ್ನೊಂದು ವಸ್ತು ಸೇರಿಸುತ್ತಾನೆ, ಬೀಸುಕಲ್ಲು.

ಬೀಸುಕಲ್ಲನ್ನು ಯಾರು ದೋಚುತ್ತಾರೆ? ಮಾರಿದರೆ ಕಾಸು ಬರುವುದಿಲ್ಲ, ಹೊತ್ತರೆ ಬೆನ್ನು ಮುರಿಯುತ್ತದೆ. ಒಂದು ವಿಚಾರಗೋಷ್ಠಿಯಲ್ಲಿ ಈ ಪ್ರಶ್ನೆ ಎತ್ತಿದಾಗ ಹಿರಿಯರೊಬ್ಬರು ಅದು ಪ್ರಾಸಕ್ಕೆ ಬಂದದ್ದಮ್ಮಾ, ಬೆಲ್ಲಕ್ಕೆ ಕಲ್ಲು ಅಂದರು. ಸಭೆ ನಕ್ಕಿತು. ಅವರ ಮಾತು ನಿಜವೇ. ಆದರೆ ಕನ್ನಡದಲ್ಲಿ ಆ ಪ್ರಾಸಕ್ಕೆ ಮಾತುಗಳ ಬರವಿಲ್ಲ. ‘ಎಲ್ಲ’ ಎಂದಿದ್ದರೂ ಸಾಕಿತ್ತು, ‘ಇಲ್ಲ’ ಎಂದರೂ ನಡೆಯುತ್ತಿತ್ತು. ಬೀಸುಕಲ್ಲು ಬಂದದ್ದು ಆಯ್ಕೆಯಿಂದ. ಅದು ಉತ್ಪ್ರೇಕ್ಷೆಯೂ ಇರಬಹುದು, ನಿಜವಾಗಿ ಯಾರೂ ಹೊತ್ತಿಲ್ಲದಿರಬಹುದು. ಹಾಗಿದ್ದರೆ ಅದು ಇನ್ನೂ ಒಳ್ಳೆಯ ಕವಿತೆ: ಬೀಸಲು ಕಾಳಿಲ್ಲದ, ಬೀಸುವ ಕೈಯಿಲ್ಲದ ಊರಿನಲ್ಲಿ ಕಲ್ಲು ಇದ್ದ ಜಾಗದಲ್ಲೇ ಇದ್ದೂ ಹೋದಂತೆ. ಮೇಲಾಗಿ ಬೀಸುಕಲ್ಲು ಹಾಡಿನ ಜಾಗ. ನಮ್ಮ ಹೆಂಗಸರ ಹಾಡುಗಳ ಬಹುಪಾಲು ಹುಟ್ಟಿದ್ದು ಅದರ ಮುಂದೆ. ಲಾವಣಿಕಾರ ಗಂಡಸು, ಡಪ್ಪಿನ ಮೇಲೆ ಹಾಡುವವನು. ತನ್ನದಲ್ಲದ ಇನ್ನೊಂದು ಹಾಡು ನಿಂತುಹೋದದ್ದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ ಎಂದು ಓದಲು ನನಗೆ ಆಸೆ. ಇದು ಆಸೆಯೇ ಹೊರತು ಸಾಬೀತಲ್ಲ, ಪ್ರಬಂಧದಲ್ಲಿ ಹಾಕಿದರೆ ಹೊಡೆದುಹಾಕುತ್ತಾರೆ.

ಹೀಗೆ ನೋಡಿದರೆ ಹಲಗಲಿಗೆ ಮೊದಲ ವಸ್ತುಸಂಗ್ರಹಾಲಯ ಕಟ್ಟಿದವನು ಆ ಕವಿ. ಒಂದೊಂದು ವಸ್ತುವಿಗೂ ಒಂದೊಂದು ಹೆಸರು, ವಿಶೇಷಣವಿಲ್ಲ, ಬೆಲೆಯಿಲ್ಲ. ಅದರ ಬಾಗಿಲು ಹಾಡಿದಾಗ ತೆರೆಯುತ್ತದೆ. ನರಗುಂದದ ಬೆಟ್ಟದ ಮೇಲೆ ನಾನು ಹುಡುಗನಿಗೆ ಕೊಟ್ಟ ಉತ್ತರ ತಪ್ಪಾದದ್ದು ಇಲ್ಲಿ. ಇಡಲು ಏನೂ ಉಳಿಯದಾಗ, ಉಳಿಯದ್ದನ್ನೇ ಇಡುವ ಒಂದು ಕ್ರಮ ಕನ್ನಡದಲ್ಲಿ ಆಗಲೇ ಇತ್ತು.

ಅದು ನಮ್ಮ ಕೈಗೆ ಬಂದ ದಾರಿ ಮಾತ್ರ ವಿಚಿತ್ರ. ಹಲಗಲಿಯ ಲಾವಣಿಯನ್ನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಮಾಡಿಸಿದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ. ಕಿತ್ತೂರಿನಲ್ಲಿ ಥ್ಯಾಕರೆ ಸತ್ತ ದಿನ ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಈ ಸೀಮೆಯ ಶಾಸನಗಳನ್ನು ಊರೂರು ತಿರುಗಿ ನಕಲು ಮಾಡಿಸಿದವನು ಅವನೇ. ಕೋಟೆ ಕೆಡವಿದ ಆಡಳಿತ ಹಾಡನ್ನೂ ಕಲ್ಲನ್ನೂ ಕೂಡಿಟ್ಟಿತು. ಕೃತಜ್ಞತೆ ಹೇಳಬೇಕೋ ಸಿಟ್ಟಾಗಬೇಕೋ ಎಂದು ನನ್ನ ಪ್ರಬಂಧದಲ್ಲಿ ಎರಡು ಪುಟ ಹೆಣಗಿದ್ದೇನೆ. ತೀರ್ಮಾನ ಆಗಿಲ್ಲ. ಒಂದು ಮಾತ್ರ ಹೇಳಬಲ್ಲೆ: ಫ್ಲೀಟ್ ಆ ಪಟ್ಟಿಯನ್ನು ಬಿಡಲಿಲ್ಲ. ಚುಕ್ಕಿ ಇಟ್ಟವಳು ನಾನು.

ನರಗುಂದದಲ್ಲಿ ಬೆಟ್ಟ ಇಳಿದು ಬಂದಾಗ ಇನ್ನೊಂದನ್ನು ನೋಡಿದೆವು. ಹೆದ್ದಾರಿಯ ಬದಿಯ ವೀರಗಲ್ಲು. ಕಿತ್ತೂರಿನ ಮ್ಯೂಸಿಯಂನಲ್ಲಿ ವೀರಗಲ್ಲು ಪ್ರಾಚೀನ ವಸ್ತು, ಇಲ್ಲಿ ಅದು 1980ರ ಜುಲೈ 21ರದ್ದು. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದರು, ಗೋಲಿಬಾರಾಯಿತು, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ಅತ್ತ ನವಲಗುಂದ ತಾಲ್ಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ. ಪ್ರತಿ ಜುಲೈನಲ್ಲಿ ಇಲ್ಲಿ ಹಾರ ಬೀಳುತ್ತದೆ, ಭಾಷಣವಾಗುತ್ತದೆ. 2015ರ ನಂತರ ಮಹದಾಯಿಯ ಕೂಗೂ ಸೇರಿಕೊಂಡಿತು. ‘ನರಗುಂದ ಬಂಡಾಯ’ ಎಂದರೆ ಹಿರಿಯರಿಗೆ ಬಾಬಾಸಾಹೇಬ, ಅವರ ಮಕ್ಕಳಿಗೆ ರೈತರು. 2020ರಲ್ಲಿ ಅದೇ ಹೆಸರಿನಲ್ಲಿ ಬಂದ ಸಿನಿಮಾ ರೈತರದ್ದು. ಒಂದೇ ಹೆಸರಿನಡಿ ರಾಜನೂ ರೈತನೂ ಇರುವಾಗ, ಹೋದ ಸಾಮಾನಿನ ಪಟ್ಟಿ ಯಾರ ಕಡೆಯಿಂದ ಬರೆಯಬೇಕು ಎಂಬ ಪ್ರಶ್ನೆ ಏಳುತ್ತದೆ. 1980ರಲ್ಲಿ ಜಪ್ತಿಗೆ ಹೆದರಿದ್ದ ಮನೆಗಳಲ್ಲಿ ಏನೇನಿತ್ತು? ವೀರಗಲ್ಲಿನ ಮೇಲೆ ಹೆಸರಿದೆ, ಪಟ್ಟಿ ಇಲ್ಲ.

ಕಳೆದ ವಾರ ಮತ್ತೆ ಶಿರೋಳದಲ್ಲಿದ್ದೆ. ಮೂರು ಚುಕ್ಕಿ ಅಳಿಸಿ ಪಟ್ಟಿಯನ್ನು ಪೂರ್ತಿ ಟೈಪು ಮಾಡುತ್ತಿದ್ದಾಗ ಹುಡುಗ ತನ್ನ ಪುಸ್ತಕ ಹಿಡಿದು ತಾಳೆ ನೋಡುತ್ತಿದ್ದ. ‘ಕುಡ’ ಅಂದರೇನೆಂದು ಕೇಳಿದ. ಒಕ್ಕಲಿಗರ ಮನೆಯ ಹುಡುಗ! ನಾನು ನೇಗಿಲಿನ ತುದಿಯ ಕಬ್ಬಿಣ ಎಂದು ನಿಘಂಟಿನ ಅರ್ಥ ಹೇಳಿದೆ. ಅಡುಗೆಮನೆಯಿಂದ ಕೇಳಿಸಿಕೊಂಡ ಚಿಕ್ಕಪ್ಪ ಏನೂ ಹೇಳದೆ ಹಿತ್ತಲಿಗೆ ಹೋದ. ಬೀಸುಕಲ್ಲಿನ ಮೇಲ್ಗಲ್ಲು ಅಲ್ಲಿ ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಾಗಿದೆ, ಅದರ ಹಿಂದಿನ ಸಂದಿಯಿಂದ ತುಕ್ಕು ಹಿಡಿದ ಒಂದು ಪಟ್ಟಿ ಕಬ್ಬಿಣ ಎಳೆದು ತಂದ. ಟ್ರ್ಯಾಕ್ಟರ್ ಬಂದಾಗಿನಿಂದ ಅಲ್ಲೇ ಬಿದ್ದಿದೆಯಂತೆ.

“ಹಿಡಿ, ಎತ್ತಿ ನೋಡು” ಎಂದು ಹುಡುಗನ ಕೈಗೆ ಕೊಟ್ಟ. ಅವನು ಅಂದುಕೊಂಡದ್ದಕ್ಕಿಂತ ಅದು ಭಾರವಿತ್ತು.