ಮೂಲೆಯಿಂದ ಮೊಳಗುವ ಮಂದ್ರ

ಮಂದ್ರ ಸ್ವರಕ್ಕೆ ಸ್ಪೀಕರಿನ ಹಾರ್ನ್ (ಬಾಯಿಯತ್ತ ಹಿಗ್ಗುವ ಕಹಳೆಯಂಥ ಕೊಳವೆ) ಕಟ್ಟುವುದು ಹುಡುಗಾಟವಲ್ಲ. 40 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಸುಮಾರು 8.5 ಮೀಟರ್. ಬಯಲಿನಲ್ಲಾದರೆ ಅದಕ್ಕೆ ಎರಡೂವರೆ ಮೀಟರ್‌ಗೂ ಮಿಕ್ಕಿ ಅಗಲದ ಬಾಯಿ ಬೇಕು. ಅಮೆರಿಕದ ಅರ್ಕಾನ್ಸಾಸ್‌ನ ಹೋಪ್ ಊರಿನಲ್ಲಿ, 1940ರ ದಶಕದಲ್ಲಿ, ಎಂಜಿನಿಯರ್ ಪಾಲ್ ಕ್ಲಿಪ್ಶ್ ಇದಕ್ಕೆ ಕಂಡುಕೊಂಡ ಉಪಾಯ ನೆನೆದಾಗಲೆಲ್ಲ ನನ್ನ ಮನಸ್ಸು ಅರಳುತ್ತದೆ. ಹಾರ್ನನ್ನು ಮಡಚಿ ಪೆಟ್ಟಿಗೆಯೊಳಗಿಟ್ಟರು. ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತಿ, ಮಿಕ್ಕ ಬಾಯಿಯನ್ನು ಎರಡು ಗೋಡೆಗೂ ನೆಲಕ್ಕೂ ಒಪ್ಪಿಸಿದರು.

ಒಳಗಿನ ದಾರಿಯನ್ನು ನೋಡಬೇಕು! ಸ್ಪೀಕರಿನ 15 ಇಂಚಿನ ಕೋನ್‌ನ ಎದುರಿಗೆ ಕಿರಿದಾದೊಂದು ಸೀಳು. ಅಲ್ಲಿಂದ ಪ್ಲೈವುಡ್ ಹಲಗೆಗಳ ನಡುವೆ ಗಾಳಿಯ ಹಾದಿ ತಿರುತಿರುಗಿ ಹಿಗ್ಗುತ್ತ ಹೋಗುತ್ತದೆ. ಎಕ್ಸ್‌ಪೊನೆನ್ಷಿಯಲ್ ವಕ್ರವನ್ನು ನೇರ ಹಲಗೆಗಳಲ್ಲೇ ತುಂಡು ತುಂಡಾಗಿ ಹಿಡಿದ ಜಾಣ್ಮೆ ಅದು. ಹಾರ್ನ್ ಹಿಗ್ಗುವುದಕ್ಕೆ ಬೇರೆ ವಕ್ರಗಳೂ ಉಂಟು. ಟ್ರಾಕ್ಟ್ರಿಕ್ಸ್ ಇದಕ್ಕಿಂತ ಗಿಡ್ಡ. ಹೈಪರ್ಬಾಲಿಕ್ ತೀರಾ ತಗ್ಗಿನವರೆಗೂ ಬಲ ಬಿಡದು, ಆದರೆ ಹಾರ್ನಿನ ಕಿರಿದಾದ ಗಂಟಲಲ್ಲಿ ಗಾಳಿ ಇಕ್ಕಟ್ಟಿಗೆ ಸಿಕ್ಕಿ ನಾದ ಕೆಡುವ ಭಯ. ಮನೆಗೆ ಎಕ್ಸ್‌ಪೊನೆನ್ಷಿಯಲ್ಲೇ ಹದ ಅನ್ನುತ್ತೇನೆ.

ಇಂಥ ಹಾರ್ನಿಗೆ ಕೆಲವೇ ವಾಟ್ ಸಾಕು, ಕೋನ್ ಅಲುಗುವುದೂ ಅಷ್ಟಕ್ಕಷ್ಟೆ. ಅದಕ್ಕೇ ಡಬಲ್ ಬಾಸ್‌ನ ತಂತಿಯಲ್ಲಿ ಮೀಟು ಬೇರೆ, ಅನುರಣನ ಬೇರೆ ಎಂದು ಬಿಡಿಬಿಡಿಯಾಗಿ ಕೇಳುತ್ತದೆ.