ಅಚ್ಚಿನ ಪುಟದಲ್ಲಿ ಅಡಗಿರುವ ಪಠ್ಯ: ಹರಿಹರ–ದಾವಣಗೆರೆಯ ನೆಲೆಯಿಂದ ಒಂದು ವಿಚಾರ

ಅಚ್ಚಾದ ಪುಟದಲ್ಲಿ ಕೆಲವೇ ಪದಗಳನ್ನು ಉಳಿಸಿ, ಮಿಕ್ಕವನ್ನು ಬಣ್ಣದಿಂದ ಮುಚ್ಚಿ, ಉಳಿದುದನ್ನು ಕವಿತೆಯಾಗಿಯೂ ಇಡೀ ಪುಟವನ್ನು ಚಿತ್ರವಾಗಿಯೂ ಕಾಣಿಸುವ ಕಲೆಗೆ ಇಂಗ್ಲೆಂಡಿನ ಟಾಮ್ ಫಿಲಿಪ್ಸ್ ಅವರ ‘ಎ ಹ್ಯೂಮ್ಯುಮೆಂಟ್’ ಪ್ರಸಿದ್ಧ ನಿದರ್ಶನ. 1966ರಲ್ಲಿ ಮೂರು ಪೆನ್ಸಿಗೆ ಕೊಂಡ, ಡಬ್ಲ್ಯು.ಎಚ್. ಮ್ಯಾಲಕ್ ಅವರ 1892ರ ಕಾದಂಬರಿಯನ್ನು ಆಧರಿಸಿದ ಈ ಕೃತಿಯ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಅದರ ನಾಯಕ ‘ಟೋಜ್’ನ ಹೆಸರು ‘ಟುಗೆದರ್’ ಎಂಬ ಪದದ ಒಡಲಿನಿಂದ ಆಯ್ದದ್ದು.

ಈ ವಿಧಾನವು ಕನ್ನಡದ ಪುಟಕ್ಕೆ ಒಗ್ಗುವುದೇ? ನಮ್ಮ ಚಿತ್ರಕಾವ್ಯವನ್ನು ಇದರ ಪೂರ್ವರೂಪವೆನ್ನುವುದು ಸುಲಭ, ಆದರೆ ಸರಿಯಲ್ಲ. ಚಕ್ರಬಂಧ, ಮುರಜಬಂಧಗಳಲ್ಲಿ ಕವಿಯು ಆಕೃತಿಗೆ ಒಪ್ಪುವಂತೆ ಅಕ್ಷರಗಳನ್ನು ತಾನೇ ಹೊಂದಿಸುತ್ತಾನೆ. ಇಲ್ಲಿ ಅಕ್ಷರ ಅನ್ಯರದು, ಆಯ್ಕೆಯಷ್ಟೇ ಕಲಾವಿದನದು.

ಊರುಗಳ ಹೆಸರುಗಳನ್ನೇ ಪರಿಶೀಲಿಸಬಹುದು. ‘ಹರಿಹರ’ದ ಕೊನೆಯ ಎರಡು ಅಕ್ಷರಗಳನ್ನು ಮುಚ್ಚಿದರೆ ‘ಹರಿ’ ಉಳಿಯುತ್ತದೆ. ಅದು ದೇವರ ಹೆಸರು, ತುಂಗಭದ್ರೆಗೆ ಸಲ್ಲುವ ಕ್ರಿಯಾಪದ, ಕಾಗದವನ್ನು ಸೀಳೆಂಬ ಆಜ್ಞೆಯೂ ಹೌದು. ದೃಶ್ಯಕಲಾ ಮಹಾವಿದ್ಯಾಲಯವಿರುವ ದಾವಣಗೆರೆಯಲ್ಲಿ ಮೊದಲ ಮೂರನ್ನು ಮುಚ್ಚಿದರೆ, ಆದೇಶಸಂಧಿಯಿಂದ ರೂಪಾಂತರಗೊಂಡ ‘ಕೆರೆ’ಯು ಚಿತ್ರಕಾರನ ‘ಗೆರೆ’ಯಾಗಿ ನಿಲ್ಲುತ್ತದೆ. ಇಂಗ್ಲಿಷಿನ ಪದಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಸಂಧಿಯೂ ವಿಭಕ್ತಿಯೂ ಅಳಿಸಿದ ನೆರೆಪದವನ್ನು ನೆನಪಿಸುತ್ತಲೇ ಇರುತ್ತವೆ. ‘ಕಲ್ಲನ್ನು’ ಎಂಬುದು ಮುಚ್ಚಿಹೋದ ಕ್ರಿಯಾಪದವನ್ನು ಬೇಡುತ್ತದೆ. ‘ನ್ನು’ ಮುಚ್ಚಿದರೆ ‘ಕಲ್ಲು’ ದೊರೆಯದು, ಲೋಪಸಂಧಿಯಲ್ಲಿ ಉಕಾರ ಹೋಗಿರುವುದರಿಂದ ಷಷ್ಠಿಯಂತೆ ಕೇಳುವ ‘ಕಲ್ಲ’ ದೊರೆಯುತ್ತದೆ. ಇನ್ನು ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುತ್ತವೆ. ಕೆಳಸಾಲನ್ನು ಮುಚ್ಚುವ ಕುಂಚ ತುಸು ಮೇಲೇರಿದರೆ ‘ಕಲ್ಲ’ ‘ಕಲ’ವಾಗಿ ಅರ್ಥವೇ ಕೆಡುತ್ತದೆ. ಫಿಲಿಪ್ಸರು ಪದದಿಂದ ಪದಕ್ಕೆ ಹರಿಸಿದ ಬಿಳಿಯ ಕಾಲುವೆಗಳನ್ನು ಇಲ್ಲಿ ಅನುಕರಿಸುವುದು ವ್ಯರ್ಥ. ಒತ್ತುಗಳನ್ನೇ ರೇಖಾವಿನ್ಯಾಸದ ಭಾಗವಾಗಿಸಬೇಕು.

ಪೊಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳು ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1903ರ ಚಿತ್ರದುರ್ಗ ಸಂಪುಟದಲ್ಲಿ ಅಚ್ಚಾಗಿವೆ. ಆ ಸಂಪುಟದಲ್ಲಿ ತ್ರುಟಿತ ಅಕ್ಷರಗಳಿಗೆ ಚುಕ್ಕೆಗಳಿವೆ. ಚುಕ್ಕೆಗಳ ನಡುವೆ ಉಳಿದ ನುಡಿಗಳು ಕವಿತೆಯಂತೆ ತೋರುವುದು ನಿಜ. ಆದರೆ ಶಾಸನತಜ್ಞನ ಚುಕ್ಕೆ ನಷ್ಟದ ಪ್ರಾಮಾಣಿಕ ದಾಖಲೆ, ಕಲಾವಿದನ ಮುಚ್ಚುಗೆ ಉದ್ದೇಶಪೂರ್ವಕ. ಇವೆರಡರ ಅಂತರ ಮಸುಕಾದರೆ ಕಲೆಗಿಂತ ಸಂಶೋಧನೆಗೇ ಹೆಚ್ಚಿನ ಹಾನಿ. ಆದ್ದರಿಂದ ಇಂಥ ಪುಟವನ್ನು ಬಳಸುವವರು ನೆರಳಚ್ಚು ಪ್ರತಿಯಲ್ಲೇ ಕೆಲಸ ಮಾಡಿ, ಮೂಲಪುಟವನ್ನೂ ಪಕ್ಕದಲ್ಲಿ ಪ್ರದರ್ಶಿಸುವುದು ಉಚಿತ. (ಮೂಲಪ್ರತಿಗೆ ಕುಂಚ ತಾಗಿಸಲು ಯಾವ ಗ್ರಂಥಪಾಲಕರೂ ಒಪ್ಪಲಾರರು!) ಆಗ ಮಾತ್ರ ಯಾವ ಅಕ್ಷರವನ್ನು ಕಾಲ ಅಳಿಸಿತು, ಯಾವುದನ್ನು ಕಲಾವಿದ ಮುಚ್ಚಿದ ಎಂಬುದನ್ನು ಓದುಗನು ಹೋಲಿಸಿ ನೋಡಬಲ್ಲ.