ವಾದ್ಯನಾದದ ಕಡತ ನಮೂನೆಗಳು: ಒಂದು ವಿವೇಚನೆ

೧

ಕಂಪ್ಯೂಟರಿನಿಂದ ಹೊರಡುವ ಸಂಗೀತದಲ್ಲಿ ಮುಖ್ಯವಾಗಿ ಎರಡು ಬಗೆಯ ನಾದಗಳುಂಟು. ಗಣಿತಸೂತ್ರಗಳಿಂದ ಹೊಸದಾಗಿ ಕಟ್ಟಿದ ನಾದ ಒಂದು ಬಗೆ. ನಿಜವಾದ ವಾದ್ಯವೊಂದರ ಧ್ವನಿಯನ್ನು ಬಿಡಿಬಿಡಿಯಾಗಿ ಮುದ್ರಿಸಿಕೊಂಡು, ಬೇಕಾದಾಗ ಬೇಕಾದ ಶ್ರುತಿಯಲ್ಲಿ ಹೊರಡಿಸುವ ನಾದ ಇನ್ನೊಂದು ಬಗೆ. ಹೀಗೆ ಮುದ್ರಿತವಾದ ಒಂದೊಂದು ತುಣುಕಿಗೂ ಸ್ಯಾಂಪಲ್ ಎಂದು ಹೆಸರು. ಈ ತುಣುಕುಗಳನ್ನೂ, ಅವುಗಳನ್ನು ಯಾವ ಕೀಲಿಗೆ, ಎಷ್ಟು ರಭಸಕ್ಕೆ, ಯಾವ ರೀತಿಯಲ್ಲಿ ನುಡಿಸಬೇಕೆಂಬ ವಿಧಿಗಳನ್ನೂ ಒಂದೆಡೆ ಕೂಡಿಸಿಡುವ ಏರ್ಪಾಡನ್ನೇ ನಾವು ಇಲ್ಲಿ ಕಡತ ನಮೂನೆ ಎಂದು ಕರೆಯುತ್ತೇವೆ.

ಇದು ಕೇವಲ ತಂತ್ರಜ್ಞರಿಗೆ ಸೇರಿದ ವಿಷಯವೆಂದು ಬಿಟ್ಟುಬಿಡುವುದು ವಾಡಿಕೆ. ಅದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ವಾದ್ಯವೆಂದರೇನು, ಅದರ ನಾದದಲ್ಲಿ ಮುಖ್ಯವಾದುದು ಯಾವುದು ಎಂಬ ವಿಷಯದಲ್ಲಿ ಪ್ರತಿಯೊಂದು ನಮೂನೆಯೂ ಒಂದು ನಿರ್ಣಯವನ್ನು ಒಳಗೊಂಡಿದೆ. ಆ ನಿರ್ಣಯದಲ್ಲಿ ಸ್ಥಾನ ದೊರೆಯದ ಗುಣವು ಕಡತದೊಳಕ್ಕೆ ಬರಲಾರದು. ಆದುದರಿಂದ ಬಳಕೆಗೆ ಬಂದಿರುವ ಪ್ರಮುಖ ನಮೂನೆಗಳನ್ನು ಇಲ್ಲಿ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುತ್ತೇವೆ. ವಾದ್ಯದ ಯಾವ ಗುಣಗಳನ್ನು ಹೇಳಲು ನಮೂನೆಯು ಅವಕಾಶ ಕೊಡುತ್ತದೆ? ಅದನ್ನು ರೂಪಿಸಿದವರು ಕೈಬಿಟ್ಟ ಮೇಲೂ ಅದನ್ನು ಓದಲು ಸಾಧ್ಯವೆ? ವಾದ್ಯಗಳ ಧ್ವನಿಯನ್ನು ಸಂಗ್ರಹಿಸಿಡಬಯಸುವ ಯಾವ ವಿದ್ಯಾಸಂಸ್ಥೆಯೂ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

೨

ಮುದ್ರಿತ ಧ್ವನಿಯಿಂದ ವಾದ್ಯವನ್ನು ಕಟ್ಟುವ ಯತ್ನವು ಅಂಕೀಯ ಯಂತ್ರಗಳಿಗಿಂತ ಹಿಂದಿನದು. ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಕೀಲಿಗೊಂದರಂತೆ ಟೇಪಿನ ಪಟ್ಟಿಗಳಿದ್ದುವು. ಕೀಲಿಯನ್ನು ಒತ್ತಿಹಿಡಿದರೆ ಟೇಪು ಸುಮಾರು ೮ ಸೆಕೆಂಡು ಓಡಿ ನಿಲ್ಲುತ್ತಿತ್ತು. ೧೯೭೯ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್, ೧೯೮೧ರಲ್ಲಿ ಅಮೆರಿಕದ ಇ-ಮ್ಯು ಸಂಸ್ಥೆಯ ಎಮ್ಯುಲೇಟರ್, ೧೯೮೮ರಲ್ಲಿ ಜಪಾನಿನ ಅಕಾಯ್ ಸಂಸ್ಥೆಯ ಎಸ್ ೧೦೦೦ ಬಂದುವು. ಕೊನೆಯದು ೧೬ ಬಿಟ್ಟುಗಳ ಸೂಕ್ಷ್ಮತೆಯಲ್ಲಿ, ಸೆಕೆಂಡಿಗೆ ೪೪,೧೦೦ ಅಳತೆಗಳಂತೆ, ಎರಡು ಪಾರ್ಶ್ವಗಳ ಧ್ವನಿಯನ್ನೂ ಮುದ್ರಿಸಬಲ್ಲುದಾಗಿತ್ತು. ಈ ಯಂತ್ರಗಳಲ್ಲಿ ನಾದವು ಯಂತ್ರಕ್ಕೆ ಕಟ್ಟುಬಿದ್ದಿತ್ತು. ಡಿಸ್ಕಿನ ಮೇಲಿನ ಬರವಣಿಗೆಯು ಆಯಾ ಯಂತ್ರಕ್ಕಾಗಿಯೇ ರೂಪಿಸಿದ್ದು. ಹೊರಗಿನವರು ಅದನ್ನು ಓದಬೇಕೆಂಬುದು ನಿರ್ಮಾಪಕರ ಉದ್ದೇಶವಾಗಿರಲಿಲ್ಲ.

ಈ ನಡುವೆ, ೧೯೮೩ರಲ್ಲಿ, ಮಿಡಿ ಎಂಬ ಸಂಕೇತಪದ್ಧತಿ ಜಾರಿಗೆ ಬಂದಿತು. ಯಾವ ಕೀಲಿಯನ್ನು, ಯಾವಾಗ, ಎಷ್ಟು ರಭಸದಿಂದ ಒತ್ತಬೇಕೆಂಬುದನ್ನು ಅದು ತಿಳಿಸುತ್ತದೆ, ನಾದವನ್ನು ಒಯ್ಯುವುದಿಲ್ಲ. ೧೯೯೧ರಲ್ಲಿ ಜನರಲ್ ಮಿಡಿ ಎಂಬ ಪಟ್ಟಿಯು ೧೨೮ ನಾದಗಳಿಗೆ ಕ್ರಮಸಂಖ್ಯೆ ಕೊಟ್ಟಿತು. ಆ ಪಟ್ಟಿಯಲ್ಲಿ ೧೦೫ನೆಯದು ಸಿತಾರ್, ೧೧೨ನೆಯದು ಶಹನಾಯಿ, ವೀಣೆ ಇಲ್ಲ. ಹೆಸರು ನಿಶ್ಚಯವಾದರೂ ನಾದ ನಿಶ್ಚಯವಾಗಲಿಲ್ಲ. ಒಂದೇ ಮಿಡಿ ಕಡತವು ಒಂದೊಂದು ಯಂತ್ರದಲ್ಲಿ ಒಂದೊಂದು ರೀತಿಯಾಗಿ ಕೇಳಿಸುತ್ತಿತ್ತು. ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದುದು ೧೯೮೭ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಕಾರ್ಸ್ಟೆನ್ ಓಬಾರ್ಸ್ಕಿ ರಚಿಸಿದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್. ಅದರಿಂದ ಬೆಳೆದ ಮಾಡ್ ಎಂಬ ನಮೂನೆಯಲ್ಲಿ ರಾಗರಚನೆಯೂ ಸ್ಯಾಂಪಲ್‌ಗಳೂ ಒಂದೇ ಕಡತದಲ್ಲಿದ್ದುವು. ಮೊದಲು ೧೫, ಅನಂತರ ೩೧ ಸ್ಯಾಂಪಲ್‌ಗಳಿಗೆ ಎಡೆಯಿತ್ತು. ಎಲ್ಲಿ ನುಡಿಸಿದರೂ ಕೃತಿಯು ತನ್ನ ನಾದವನ್ನು ತಾನೇ ಹೊತ್ತು ತರುತ್ತಿತ್ತು. ಆದರೆ ಅಲ್ಲಿಯ ವಾದ್ಯವು ಒಂದು ಕೃತಿಗೆ ಸೇರಿದ ಸರಕಾಗಿತ್ತೇ ಹೊರತು, ಬೇರೆ ಕೃತಿಗಳಿಗೆ ಒದಗುವಂತೆ ಕ್ರಮಪಡಿಸಿದ ವಾದ್ಯವಾಗಿರಲಿಲ್ಲ.

೩

ಈ ಕೊರತೆಯನ್ನು ತುಂಬಿದುದು ಸೌಂಡ್‌ಫಾಂಟ್. ಇ-ಮ್ಯು ಮತ್ತು ಕ್ರಿಯೇಟಿವ್ ಸಂಸ್ಥೆಗಳು ಇದನ್ನು ರೂಪಿಸಿದುವು. ೧೯೯೪ರ ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ ೩೨ ಎಂಬ ಕಾರ್ಡಿನೊಡನೆ ಇದು ಬಳಕೆಗೆ ಬಂದಿತು. ಆ ಕಾರ್ಡಿನಲ್ಲಿ ಸ್ಯಾಂಪಲ್‌ಗಳಿಗಾಗಿ ಇದ್ದ ಸ್ಮರಣೆ ಕೇವಲ ೫೧೨ ಕಿಲೋಬೈಟ್. ೧೯೯೬ರಲ್ಲಿ ಎರಡನೆಯ ಆವೃತ್ತಿಯ ವಿವರಣೆಯನ್ನು ಎಲ್ಲರೂ ಓದುವಂತೆ ಪ್ರಕಟಿಸಲಾಯಿತು. ನಮ್ಮ ದೃಷ್ಟಿಯಲ್ಲಿ ಈ ಪ್ರಕಟಣೆಯೇ ಈ ನಮೂನೆಯ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಘಟನೆ.

ಇದರ ರಚನೆಯಲ್ಲಿ ಮೂರು ಮೆಟ್ಟಿಲುಗಳಿವೆ. ತಳದಲ್ಲಿ ಸ್ಯಾಂಪಲ್, ಅದರ ಮೇಲೆ, ಸ್ಯಾಂಪಲ್‌ಗಳನ್ನು ಕೀಲಿಗಳಿಗೂ ರಭಸದ ಅಂತರಗಳಿಗೂ ಹಂಚಿಕೊಡುವ ವಾದ್ಯ, ಎಲ್ಲಕ್ಕೂ ಮೇಲೆ, ನುಡಿಸುವವನು ಆರಿಸಿಕೊಳ್ಳುವ ಪ್ರೀಸೆಟ್. ನಾದ ಏರುವ ಕಾಲ, ನಿಲ್ಲುವ ಕಾಲ, ಇಳಿಯುವ ಕಾಲ, ಫಿಲ್ಟರಿನ ಮಿತಿ ಮೊದಲಾದುವನ್ನು ಇಲ್ಲಿ ಯಾವುದೋ ಒಂದು ಚಿಪ್ಪಿನ ಅಂಕಿಗಳಲ್ಲಿ ಹೇಳಿಲ್ಲ. ಶ್ರುತಿಗೆ ಸೆಂಟ್, ಬಲಕ್ಕೆ ಡೆಸಿಬೆಲ್ಲಿನ ಹತ್ತನೆಯ ಒಂದಂಶ, ಕಾಲಕ್ಕೆ ೧೨೦೦ ಅಂಶಗಳಿಗೊಮ್ಮೆ ಇಮ್ಮಡಿಯಾಗುವ ಒಂದು ಮಾನ, ಹೀಗೆ ಕಿವಿಯ ಅನುಭವಕ್ಕೆ ಹೊಂದುವ ಅಳತೆಗಳನ್ನು ಗೊತ್ತುಮಾಡಿದೆ. ಈ ಕಾರಣದಿಂದಲೇ ಮೂಲ ಕಾರ್ಡು ಮೂಲೆಗೆ ಸೇರಿದ ಮೇಲೂ ನಮೂನೆಯು ಉಳಿಯಿತು. ಫ್ಲೂಯಿಡ್‌ಸಿಂತ್‌ನಂತಹ ಮುಕ್ತ ತಂತ್ರಾಂಶಗಳು ಇಂದಿಗೂ ಅದನ್ನು ಓದುತ್ತವೆ.

ಇನ್ನು ದೋಷಗಳನ್ನು ನೋಡೋಣ. ನಿಜವಾದ ವಾದ್ಯದಲ್ಲಿ ಒಂದೇ ಸ್ವರವನ್ನು ನಾಲ್ಕು ಸಲ ಮೀಟಿದರೆ ನಾಲ್ಕೂ ತುಸು ಬೇರೆಯಾಗಿರುತ್ತವೆ. ಅಂತಹ ನಾಲ್ಕು ಮುದ್ರಣಗಳನ್ನು ಸರದಿಯಂತೆ ನುಡಿಸೆಂದು ಹೇಳಲು ಇಲ್ಲಿ ವಿಧಿಯಿಲ್ಲ. ಕೀಲಿಯನ್ನು ಬಿಟ್ಟಾಗ ಕೇಳಬೇಕಾದ ಬೇರೆ ಸ್ಯಾಂಪಲ್ಲಿಗೂ ಎಡೆಯಿಲ್ಲ. ಗಾತ್ರವನ್ನು ೩೨ ಬಿಟ್ಟುಗಳ ಸಂಖ್ಯೆಯಲ್ಲಿ ಬರೆಯುವುದರಿಂದ ಕಡತವು ೪ ಗಿಗಾಬೈಟನ್ನು ದಾಟಲಾರದು. ಪ್ರೀಸೆಟ್ಟಿನ ಹೆಸರಿಗೆ ೨೦ ಬೈಟುಗಳಷ್ಟೇ ಸ್ಥಳ, ಅದೂ ರೋಮನ್ ಅಕ್ಷರಗಳ ಸಂಕೇತದಲ್ಲಿ. ಇವೆಲ್ಲಕ್ಕಿಂತ ನಮಗೆ ಹೆಚ್ಚು ಅರ್ಥವತ್ತಾಗಿ ತೋರುವುದು ಇನ್ನೊಂದು ಲೋಪ. ಕಡತದ ಪರಿಚಯಭಾಗದಲ್ಲಿ ದಿನಾಂಕಕ್ಕೆ, ನಾದವನ್ನು ರೂಪಿಸಿದ ತಂತ್ರಜ್ಞರಿಗೆ, ಹಕ್ಕುದಾರರಿಗೆ, ಬಳಸಿದ ತಂತ್ರಾಂಶಕ್ಕೆ ಪ್ರತ್ಯೇಕ ಅಂಕಣಗಳುಂಟು. ವಾದ್ಯವನ್ನು ನುಡಿಸಿದವರ ಹೆಸರಿಗೆ ಅಂಕಣವಿಲ್ಲ. ಅದನ್ನು ಷರಾದಲ್ಲಿ ಸೇರಿಸಬಹುದು, ನಿಜ. ಆದರೆ ಸೇರಿಸಲೇಬೇಕಾದ ಸಂಗತಿಯೆಂದು ನಮೂನೆಯು ಅದನ್ನು ಎಣಿಸಲಿಲ್ಲ.

೪

ಸ್ಮರಣೆಯ ಅಭಾವವನ್ನು ಬೇರೊಂದು ರೀತಿಯಲ್ಲಿ ಗೆದ್ದುದು ೧೯೯೮ರಲ್ಲಿ ಬಂದ ಗಿಗಾಸ್ಯಾಂಪ್ಲರ್. ಅದು ಸ್ಯಾಂಪಲ್ಲಿನ ಆರಂಭವನ್ನಷ್ಟೇ ಸ್ಮರಣೆಯಲ್ಲಿಟ್ಟುಕೊಂಡು ಮಿಕ್ಕುದನ್ನು ನುಡಿಸುತ್ತಿರುವಾಗಲೇ ಡಿಸ್ಕಿನಿಂದ ಎಳೆದುಕೊಳ್ಳುತ್ತಿತ್ತು. ಇದರಿಂದ ಪಿಯಾನೋದ ಸ್ವರವನ್ನು ಕೃತಕವಾಗಿ ಆವರ್ತಿಸದೆ, ಅದು ತಾನಾಗಿ ನಿಲ್ಲುವವರೆಗೂ ಮುದ್ರಿಸಿಡುವುದು ಸಾಧ್ಯವಾಯಿತು. ಇದು ನಿಸ್ಸಂದೇಹವಾಗಿ ಸಂಗೀತಕ್ಕೆ ಆದ ಲಾಭ. ಆದರೆ ಅದರ ಮುಂದಿನ ರೂಪವಾದ ಗಿಗಾಸ್ಟುಡಿಯೋವನ್ನು ೨೦೦೮ರಲ್ಲಿ ನಿಲ್ಲಿಸಲಾಯಿತು. ಆ ನಮೂನೆಯ ನಾದಸಂಗ್ರಹಗಳಿಗೆ ಮೂಲ ಓದುಗನೇ ಇಲ್ಲದಂತಾಯಿತು. ಲಿನಕ್ಸ್‌ಸ್ಯಾಂಪ್ಲರ್ ಎಂಬ ಸ್ವತಂತ್ರ ಯೋಜನೆಯವರು ಆ ಕಡತಗಳನ್ನು ಓದುವ ತಂತ್ರಾಂಶವನ್ನು ಬರೆದುದರಿಂದ ಅವು ಪೂರ್ಣವಾಗಿ ಮೂಕವಾಗಲಿಲ್ಲ.

೨೦೦೨ರಲ್ಲಿ ಬಂದ ಕಾಂಟ್ಯಾಕ್ಟ್ ಇಂದು ವೃತ್ತಿಸಂಗೀತಗಾರರಲ್ಲಿ ಬಹಳವಾಗಿ ಹರಡಿದೆ. ವಾದ್ಯದ ವರ್ತನೆಯನ್ನೇ ಒಂದು ಕಿರು ಭಾಷೆಯಲ್ಲಿ ಬರೆಯುವ ಸೌಕರ್ಯ ಅದರಲ್ಲುಂಟು. ಹಿಂದಿನ ಸ್ವರ ಯಾವುದಿತ್ತೆಂಬುದನ್ನು ನೋಡಿ ಮುಂದಿನ ಸ್ವರಕ್ಕೆ ತಕ್ಕ ಸಂಧಿಯನ್ನು ಆರಿಸುವುದು ಅದರಿಂದ ಸಾಧ್ಯ. ಅಭಿವ್ಯಕ್ತಿಯ ಮಾತಿನಲ್ಲಿ ಇದು ಸೌಂಡ್‌ಫಾಂಟಿಗಿಂತ ಬಹು ಮುಂದಿದೆ. ಆದರೆ ಅದರ ವಾದ್ಯಕಡತದ ಒಳರಚನೆಯನ್ನು ಪ್ರಕಟಿಸಿಲ್ಲ. ಅದನ್ನು ಯಥಾವತ್ತಾಗಿ ನುಡಿಸಬಲ್ಲುದು ಆ ತಂತ್ರಾಂಶವೊಂದೇ. ರಂಗದ ಮೇಲೆ ಇದೊಂದು ದೋಷವಲ್ಲದಿರಬಹುದು. ಸಂಗ್ರಹಾಲಯದಲ್ಲಿ ದೊಡ್ಡ ದೋಷ.

೫

ಎಸ್‌ಎಫ್‌ಜೆಡ್ ಎಂಬ ನಮೂನೆಯದು ಬೇರೆಯೇ ಮಾರ್ಗ. ರೆನೆ ಸೆಬಾಯೋಸ್ ರೂಪಿಸಿದ ಈ ನಮೂನೆಯಲ್ಲಿ ಸ್ಯಾಂಪಲ್‌ಗಳು ಸಾಮಾನ್ಯ ಧ್ವನಿಕಡತಗಳಾಗಿಯೇ ಹೊರಗೆ ಉಳಿಯುತ್ತವೆ. ವಾದ್ಯದ ವಿವರಣೆ ಮಾತ್ರ ಒಂದು ಸಾದಾ ಪಠ್ಯಕಡತ. ಈ ವಲಯಕ್ಕೆ ಇಂಥ ಧ್ವನಿಕಡತ, ಕೆಳಗಿನ ಕೀಲಿ ಇದು, ಮೇಲಿನ ಕೀಲಿ ಇದು, ಮೂಲಶ್ರುತಿಯ ಕೀಲಿ ಇದು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಯಾವ ವಿಶೇಷ ಸಾಧನವೂ ಇಲ್ಲದೆ ವಿದ್ಯಾರ್ಥಿಯು ಅದನ್ನು ತೆರೆದು ಓದಬಹುದು, ತಿದ್ದಬಹುದು. ಸ್ಯಾಂಪಲ್‌ಗಳನ್ನು ಸರದಿಯಂತೆ ನುಡಿಸುವ ವಿಧಿ, ಕೀಲಿ ಬಿಟ್ಟಾಗಿನ ಸ್ಯಾಂಪಲ್, ಒಂದು ಸ್ವರ ನಿಂತಿರುವಾಗಲೇ ಬರುವ ಸ್ವರಕ್ಕೆ ಬೇರೆ ಸ್ಯಾಂಪಲ್, ಇವೆಲ್ಲವೂ ಇದರಲ್ಲುಂಟು.

ಆದರೂ ಇದನ್ನು ನಿರ್ದೋಷವೆನ್ನಲಾಗದು. ಇದನ್ನು ಕಾಯುವ ಅಧಿಕೃತ ಮಂಡಳಿಯಿಲ್ಲ. ಪ್ಲೋಗ್ ಸಂಸ್ಥೆಯ ಏರಿಯಾ ಎಂಬ ತಂತ್ರಾಂಶವು ತನ್ನದೇ ವಿಧಿಗಳನ್ನು ಸೇರಿಸಿತು, ಬೇರೆಯವರೂ ಸೇರಿಸಿದರು. ತನಗೆ ತಿಳಿಯದ ವಿಧಿ ಕಂಡಾಗ ಅದನ್ನು ಸುಮ್ಮನೆ ದಾಟಿಹೋಗುವ ತಂತ್ರಾಂಶಗಳೇ ಹೆಚ್ಚು. ಆದ್ದರಿಂದ ಒಂದೇ ಕಡತ ಎರಡು ಕಡೆ ಎರಡು ರೀತಿ ಕೇಳಿಸಬಹುದು. ಹಸ್ತಪ್ರತಿಗಳ ಅಭ್ಯಾಸವುಳ್ಳವರಿಗೆ ಇದು ಪಾಠಾಂತರದ ಸಮಸ್ಯೆಯೆಂದು ಕೂಡಲೇ ಗೋಚರಿಸೀತು. ಅಲ್ಲದೆ ಧ್ವನಿಕಡತಗಳು ಬಿಡಿಯಾಗಿರುವುದರಿಂದ, ಒಂದು ಫೋಲ್ಡರಿನ ಹೆಸರು ಬದಲಾದರೆ ವಾದ್ಯವು ನುಡಿಯದೆ ಹೋಗುವುದುಂಟು. ಇಷ್ಟಿದ್ದರೂ ಕೆಟ್ಟುದು ಎಲ್ಲಿ ಕೆಟ್ಟಿದೆ ಎಂಬುದನ್ನು ಇಲ್ಲಿ ಕಣ್ಣಿನಿಂದ ನೋಡಿ ತಿಳಿಯಬಹುದು. ಮುಚ್ಚಿದ ನಮೂನೆಗಳಲ್ಲಿ ಆ ಸಾಧ್ಯತೆಯೇ ಇಲ್ಲ.

೬

ಇದುವರೆಗೆ ಹೇಳಿದ ನಮೂನೆಗಳು ಎಷ್ಟೇ ಭಿನ್ನವಾಗಿದ್ದರೂ ಒಂದು ವಿಷಯದಲ್ಲಿ ಬಹುಮಟ್ಟಿಗೆ ಏಕಮತವನ್ನು ತಳೆದಿವೆ. ಅವುಗಳ ಮೂಲಘಟಕ ಕೀಲಿ. ಸ್ವರವೆಂದರೆ ಒತ್ತಿದಾಗ ಹುಟ್ಟಿ, ತನ್ನ ಸ್ಥಾನದಲ್ಲಿ ನಿಂತು, ಬಿಟ್ಟಾಗ ಅಡಗುವ ವಸ್ತುವೆಂದು ಅವು ಭಾವಿಸುತ್ತವೆ. ಪಿಯಾನೋಗೆ ಇದು ಒಪ್ಪುತ್ತದೆ. ನಮ್ಮ ವೀಣೆಯನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡಿದರೆ ಕಷ್ಟ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ವೈಣಿಕನು ಒಂದೇ ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ಮೇಲಿನ ಸ್ವರಗಳನ್ನು ಮುಟ್ಟಿ ಹಿಂದಿರುಗುತ್ತಾನೆ. ಅಲ್ಲಿ ರಾಗದ ಜೀವವಿರುವುದು ಸ್ವರದಿಂದ ಸ್ವರಕ್ಕೆ ಸಾಗುವ ಆ ಚಲನೆಯಲ್ಲಿ. ಬಿಡಿಸ್ವರಗಳ ಸ್ಯಾಂಪಲ್‌ಗಳಿಂದ ಕಟ್ಟಿದ ವೀಣೆಯು ಈ ಚಲನೆಯನ್ನು ಶ್ರುತಿಬಾಗಿನ ಚಕ್ರದಿಂದ ತೋರಿಸಲು ಯತ್ನಿಸುತ್ತದೆ. ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಮಿಡಿಗೆ ಸಂಬಂಧಿಸಿದುದು. ೧೯೮೩ರ ಪದ್ಧತಿಯಲ್ಲಿ ಬಾಗು ಒಂದು ಚಾನೆಲಿಗೆಲ್ಲ ಅನ್ವಯಿಸುತ್ತದೆ. ಅದೇ ಚಾನೆಲಿನಲ್ಲಿ ತಾಳದ ತಂತಿಗಳೂ ನುಡಿಯುತ್ತಿದ್ದರೆ ಅವೂ ಬಾಗುತ್ತವೆ. ಸ್ವರಕ್ಕೊಂದು ಚಾನೆಲ್ ಕೊಡುವ ಎಂಪಿಇ ವಿಧಾನವು ೨೦೧೮ರಲ್ಲಿ ಅಂಗೀಕೃತವಾಯಿತು. ೨೦೨೦ರ ಮಿಡಿ ೨.೦ ಪ್ರತಿ ಸ್ವರಕ್ಕೂ ಪ್ರತ್ಯೇಕ ಬಾಗನ್ನು ಒಪ್ಪಿತು. ಈ ತೊಡಕಿಗೆ ಹೀಗೆ ಪರಿಹಾರ ದೊರೆತಿದೆಯೆನ್ನಬಹುದು.

ಎರಡನೆಯದು ನಾದಶಾಸ್ತ್ರಕ್ಕೆ ಸಂಬಂಧಿಸಿದುದು, ಹೆಚ್ಚು ಆಳವಾದುದು. ತಂತಿಯನ್ನೆಳೆದಾಗ ಬದಲಾಗುವುದು ತಂತಿಯ ಬಿಗಿ. ಕೊಡದ ಅನುರಣನ ಇದ್ದಲ್ಲಿಯೇ ಇರುತ್ತದೆ. ಸ್ಯಾಂಪಲ್ಲನ್ನು ವೇಗವಾಗಿ ಓಡಿಸಿ ಶ್ರುತಿಯನ್ನೇರಿಸಿದಾಗಲಾದರೋ ಕೊಡದ ಅನುರಣನವೂ ಜೊತೆಯಲ್ಲಿ ಮೇಲಕ್ಕೆ ಸರಿಯುತ್ತದೆ. ಎಂದರೆ ಗಮಕ ನಡೆಯುತ್ತಿರುವಷ್ಟು ಹೊತ್ತೂ ವೀಣೆಯ ಕೊಡ ಕಿರಿದಾಗುತ್ತ ಹಿರಿದಾಗುತ್ತ ಇರುವಂತೆ ಕಿವಿಗೆ ಭಾಸವಾಗುತ್ತದೆ. ಸೌಂಡ್‌ಫಾಂಟಿನಲ್ಲಾಗಲಿ ಎಸ್‌ಎಫ್‌ಜೆಡ್‌ನ ಮೂಲ ವಿಧಿಗಳಲ್ಲಾಗಲಿ ತಂತಿಯನ್ನೂ ಕೊಡವನ್ನೂ ಬೇರೆ ಬೇರೆಯಾಗಿ ಹೇಳುವ ಮಾತಿಲ್ಲ. ಈ ನಮೂನೆಗಳನ್ನು ರೂಪಿಸಿದವರನ್ನು ಇದಕ್ಕಾಗಿ ದೂಷಿಸುವುದು ಸಲ್ಲದು. ಅವರ ಮುಂದಿದ್ದುದು ಕೀಲಿಮಣೆ. ಆದರೆ ಅವರ ಕಡತದಲ್ಲಿ ಹಿಡಿಸಿದಷ್ಟೇ ವೀಣೆಯೆಂದು ನಮ್ಮ ವಿದ್ಯಾರ್ಥಿಗಳು ನಂಬುವಂತಾದರೆ ಆಗುವ ನಷ್ಟ ನಮ್ಮದು.

೭

ಮೇಲ್ಕಂಡ ವಿವೇಚನೆಯಿಂದ ಕೆಲವು ವ್ಯಾವಹಾರಿಕ ನಿರ್ಣಯಗಳು ಹೊರಡುತ್ತವೆ. ವಾದ್ಯವೊಂದರ ನಾದವನ್ನು ಕಾಪಿಡಬೇಕೆನ್ನುವವರು ಯಾವ ಸ್ಯಾಂಪಲ್ ನಮೂನೆಯನ್ನೂ ಮೂಲಪ್ರತಿಯೆಂದು ಭಾವಿಸತಕ್ಕದ್ದಲ್ಲ. ಸಂಕೋಚಿಸದ, ತಿದ್ದದ ವೇವ್ ಧ್ವನಿಕಡತಗಳೇ ಮೂಲಪ್ರತಿ. ಅದರಲ್ಲಿ ಬಿಡಿಸ್ವರಗಳು ಮಾತ್ರ ಇದ್ದರೆ ಸಾಲದು. ಸ್ವರಗಳ ನಡುವಿನ ನಡೆಯನ್ನು ತೋರಿಸುವ ಪೂರ್ಣ ಸಂಚಾರಗಳೂ ಇರಬೇಕು. ಅದರ ಜೊತೆಯಲ್ಲಿ ಸಾದಾ ಪಠ್ಯದಲ್ಲಿ ಒಂದು ವಿವರಣೆ ಇರಬೇಕು: ನುಡಿಸಿದವರು, ವಾದ್ಯವನ್ನು ಮಾಡಿದವರು, ಆಧಾರಶ್ರುತಿ, ಸ್ಥಳ, ವರ್ಷ, ಮೈಕಿನ ದೂರ. ಇದನ್ನು ಕನ್ನಡದಲ್ಲಿಯೇ ಬರೆಯಲು ಯಾವ ಅಡ್ಡಿಯೂ ಇಲ್ಲ. ಅನಂತರ, ನುಡಿಸುವ ಅನುಕೂಲಕ್ಕಾಗಿ, ಅದರಿಂದ ಎಸ್‌ಎಫ್‌ಜೆಡ್ ರೂಪವನ್ನು ತೆಗೆಯಬಹುದು; ಹಂಚುವ ಅನುಕೂಲಕ್ಕಾಗಿ ಸೌಂಡ್‌ಫಾಂಟ್ ರೂಪವನ್ನು ತೆಗೆಯಬಹುದು. ಮುಚ್ಚಿದ ನಮೂನೆಗಳನ್ನು ಕಚೇರಿಗೆ ಬಳಸಲಿ. ಅವನ್ನೇ ಏಕಮಾತ್ರ ಪ್ರತಿಯಾಗಿ ಉಳಿಸಿಕೊಳ್ಳುವುದು ಅಪಾಯಕರ.

ಎಸ್‌ಎಫ್‌ಜೆಡ್ ಮತ್ತು ಸೌಂಡ್‌ಫಾಂಟುಗಳಲ್ಲಿ ಯಾವುದು ಮೇಲೆಂದು ಕೇಳಿದರೆ, ಅಧ್ಯಯನದ ದೃಷ್ಟಿಯಿಂದ ಮೊದಲನೆಯದೇ ಮೇಲೆಂದು ನಾವು ಹೇಳುತ್ತೇವೆ. ಎರಡನೆಯದರ ಶಿಸ್ತು ಹೆಚ್ಚು; ಮೊದಲನೆಯದರಲ್ಲಿ ಓದುಗನಿಗೆ ದೊರೆಯುವ ಪ್ರವೇಶ ಹೆಚ್ಚು. ಸಂಗೀತವನ್ನು ಬಲ್ಲವರೂ ಕಂಪ್ಯೂಟರನ್ನು ಬಲ್ಲವರೂ ಕೂಡಿ, ತಂತಿ ಮತ್ತು ಕೊಡಗಳನ್ನು ಬೇರ್ಪಡಿಸಿ ಹೇಳುವ, ಸ್ವರಸಂಚಾರವನ್ನೇ ಘಟಕವಾಗಿ ಗ್ರಹಿಸುವ ವಿವರಣೆಯೊಂದನ್ನು ಪ್ರಯತ್ನಿಸಬೇಕಾಗಿದೆ. ತೆರೆದು ತಿದ್ದಬಲ್ಲ ಪಠ್ಯರೂಪದ ನಮೂನೆಯು ಆ ಪ್ರಯತ್ನಕ್ಕೆ ತಕ್ಕ ನೆಲೆಯೆಂದು ತೋರುತ್ತದೆ. ಒಂದು ವಾದ್ಯ, ಒಂದು ರಾಗ, ಕೆಲವು ಸಂಚಾರಗಳನ್ನು ಆರಿಸಿಕೊಂಡು ಸ್ನಾತಕೋತ್ತರ ತರಗತಿಯ ಅಭ್ಯಾಸವಾಗಿಯೇ ಇದನ್ನು ಆರಂಭಿಸಬಹುದು.